ಬೇಲಿ ಎದ್ದು ಹೊಲಕ್ಕೆ ಬಂದ ಕಾಲ

ಕನ್ನಡಿಗರು ಈ ಗಿಡಕ್ಕೆ ಸ್ವಂತದ್ದೊಂದು ಹೆಸರನ್ನೂ ಕೊಟ್ಟಿರಲಿಲ್ಲ. ಕಾಡುಹರಳು, ಮರಹರಳು, ದೊಡ್ಡಹರಳು, ಉತ್ತರದ ಕಡೆ ಕಾಡುಔಡಲ. ಎಲ್ಲವೂ ಹರಳುಗಿಡದಿಂದ ಕಡ ತಂದ ಹೆಸರುಗಳು. ಹರಳು ಹೊಲದೊಳಗಿನ ಬೆಳೆ. ಇದು ಹೊಲದಾಚೆ ನಿಂತು ಕಾಯುವ ಆಳು. ರೆಂಬೆ ಕಡಿದು ಬದುವಿನಲ್ಲಿ ಚುಚ್ಚಿದರೆ ಸಾಕು, ಮಳೆಗಾಲ ಮುಗಿಯುವುದರೊಳಗೆ ಚಿಗುರುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಇದನ್ನು ಆಡೂ ಮೂಸಿ ಮುಂದೆ ಹೋಗುತ್ತದೆ. ಬೇಲಿಗೆ ಅದಕ್ಕಿಂತ ದೊಡ್ಡ ಅರ್ಹತೆ ಬೇಕಿಲ್ಲ. ಮಕ್ಕಳಿಗೆ ಇದರಿಂದ ಇನ್ನೊಂದು ಉಪಯೋಗವಿತ್ತು: ಎಲೆಯ ತೊಟ್ಟು ಮುರಿದು, ಒಸರುವ ಅಂಟುಹಾಲಿನ ಪೊರೆಗೆ ಮೆಲ್ಲನೆ ಊದಿದರೆ ಬಿಸಿಲಲ್ಲಿ ಬಣ್ಣಬಣ್ಣದ ಗುಳ್ಳೆ ತೇಲುತ್ತದೆ. ಅದೇ ಹಾಲು ಅಂಗಿಗೆ ತಾಗಿದರೆ ಹೋಗದ ಕಲೆ, ಮನೆಯಲ್ಲಿ ಬೈಗುಳ. ಬೀಜ ತಿಂದರೆ ವಾಂತಿ, ಭೇದಿ. ಹಳ್ಳಿಯ ಲೆಕ್ಕದಲ್ಲಿ ಈ ಗಿಡದ ಚರಿತ್ರೆ ಇಷ್ಟೇ.

2003ರ ಏಪ್ರಿಲ್‌ನಲ್ಲಿ ದೆಹಲಿಯ ಯೋಜನಾ ಆಯೋಗದಿಂದ ಒಂದು ವರದಿ ಹೊರಬಂತು. ಅದರ ಹಿಂದಿನ ವರ್ಷದ ಜುಲೈನಲ್ಲಿ ಡಿ.ಎನ್. ತಿವಾರಿಯವರ ಅಧ್ಯಕ್ಷತೆಯಲ್ಲಿ ನೇಮಕವಾಗಿದ್ದ ಜೈವಿಕ ಇಂಧನ ಸಮಿತಿಯ ವರದಿ ಅದು. ಅದರೊಳಗೆ ಈ ಬೇಲಿಗಿಡ ತನ್ನ ಶಾಸ್ತ್ರೀಯ ಹೆಸರಿನಲ್ಲಿ, ಜಟ್ರೋಫಾ ಕರ್ಕಾಸ್ ಎಂಬ ಪಟ್ಟದ ಹೆಸರಿನಲ್ಲಿ, ದೇಶದ ಡೀಸೆಲ್ ಹೊರೆ ಇಳಿಸುವ ನಾಯಕನಾಗಿ ನಿಂತಿತ್ತು. ಮುಂದಿನ ಹತ್ತು ವರ್ಷ ಸರ್ಕಾರಿ ಕಚೇರಿಯಿಂದ ಹಳ್ಳಿಯ ಗೊಬ್ಬರದಂಗಡಿಯವರೆಗೆ ಎಲ್ಲರ ಬಾಯಲ್ಲೂ ಜಟ್ರೋಫಾ. ಕಾಡುಹರಳು ಎಂದರೆ ಯಾರೂ ಸಾಲ ಕೊಡುತ್ತಿರಲಿಲ್ಲವೇನೋ.

ಅಂದಹಾಗೆ, ಈ ಗಿಡ ನಮ್ಮ ನೆಲದ್ದೂ ಅಲ್ಲ. ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಗೋಡಂಬಿ, ಮೆಣಸಿನಕಾಯಿಗಳನ್ನು ತಂದ ಪೋರ್ಚುಗೀಸರ ಹಡಗುಗಳೇ ಇದನ್ನೂ ಕೇಪ್ ವರ್ಡ್ ದ್ವೀಪಗಳ ದಾರಿಯಾಗಿ ಆಫ್ರಿಕಕ್ಕೂ ಏಷ್ಯಕ್ಕೂ ದಾಟಿಸಿದವು. ಲಿನೇಯಸ್ 1753ರಲ್ಲಿ ಇದಕ್ಕೆ ಇಟ್ಟ ಹೆಸರಿನ ಬೇರು ಗ್ರೀಕ್ ಭಾಷೆಯದು: ವೈದ್ಯ ಮತ್ತು ಆಹಾರ ಎಂಬ ಎರಡು ಪದಗಳ ಜೋಡಣೆ. ವಿಷದ ಬೀಜಕ್ಕೆ ಆಹಾರದ ಹೆಸರು. ನಾಮಕರಣ ಮಾಡಿದವರಿಗೆ ಅದರ ಭೇದಿಗುಣವೇ ಔಷಧವಾಗಿ ಕಂಡಿತ್ತು. ಕೇಪ್ ವರ್ಡ್‌ನ ಒಣ ದ್ವೀಪಗಳಲ್ಲಿ ಬೇರೆ ಬೆಳೆ ಕಡಿಮೆ. ಹಾಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಂದ ಈ ಬೀಜ ಲಿಸ್ಬನ್ ಮತ್ತು ಮಾರ್ಸೇಲ್ಸ್‌ಗೆ ಹಡಗೇರಿ ಹೋಗಿ ದೀಪದೆಣ್ಣೆಯಾಗಿ, ಸಾಬೂನಾಗಿ ಮಾರಾಟವಾಗುತ್ತಿತ್ತು. ಬರಡು ನೆಲದ ಎಣ್ಣೆಬೀಜ ಎಂಬ ಕಲ್ಪನೆಗೆ ಅಲ್ಲೊಂದು ನಿಜವಾದ ಹಳೆಯ ಉದಾಹರಣೆ ಇತ್ತು ಎನ್ನಬಹುದು. ಅಲ್ಲಿ ದುಡಿದವರ ಪಾಲಿಗೆ ಸಮೃದ್ಧಿ ಬಂದ ಉದಾಹರಣೆ ಮಾತ್ರ ಅದಲ್ಲ.

ಗಿಡದೆಣ್ಣೆಯಿಂದ ಎಂಜಿನ್ ಓಡಿಸುವುದೂ ಹೊಸ ಹುಚ್ಚೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆ ಕುಡಿದು ಓಡಿ ತೋರಿಸಿತ್ತು. ಆಮೇಲೆ ನೆಲದಡಿಯ ಎಣ್ಣೆ ಅಗ್ಗವಾಗಿ ಸಿಕ್ಕಿದ್ದರಿಂದ ಗಿಡದೆಣ್ಣೆ ಮತ್ತೆ ಅಡುಗೆಮನೆ ಸೇರಿತು. ಭಾರತದಲ್ಲಿ ತಿನ್ನುವ ಎಣ್ಣೆಯೇ ಸಾಲದೆ ಹೊರಗಿನಿಂದ ತರಿಸುವ ಪರಿಸ್ಥಿತಿ. ಎಂಜಿನ್ನಿಗೆ ಸುರಿಯುವುದಾದರೆ ಬಾಯಿಗೆ ಬಾರದ ಎಣ್ಣೆಯೇ ಆಗಬೇಕು, ಅನ್ನ ಬೆಳೆಯದ ನೆಲವೇ ಆಗಬೇಕು. ಈ ಎರಡು ಷರತ್ತುಗಳನ್ನು ಮುಂದಿಟ್ಟುಕೊಂಡು ಹುಡುಕಿದರೆ ಕಾಡುಹರಳಿನ ಮೇಲೆ ಬೆರಳು ನಿಲ್ಲುವುದು ಸಹಜವೇ. ತಿವಾರಿ ಸಮಿತಿಯ ಉದ್ದೇಶದಲ್ಲಿ ಹುಳುಕಿರಲಿಲ್ಲ. ಹುಳುಕಿದ್ದದ್ದು ಗುಣಾಕಾರದಲ್ಲಿ.

ಆ ಗುಣಾಕಾರ ಹೀಗಿತ್ತು. ಹೆಕ್ಟೇರಿಗೆ 2,500 ಗಿಡ. ಗಿಡವೊಂದಕ್ಕೆ ಒಂದೂವರೆ ಕಿಲೊ ಬೀಜ. ಅಂದರೆ ಹೆಕ್ಟೇರಿಗೆ 3.75 ಟನ್ ಬೀಜ, ಅದರಿಂದ ಸುಮಾರು 1.2 ಟನ್ ಎಣ್ಣೆ. 2011–12ರ ಹೊತ್ತಿಗೆ ದೇಶದ ಡೀಸೆಲ್‌ನಲ್ಲಿ ಶೇ 20ರಷ್ಟು ಬಯೋಡೀಸೆಲ್ ಬೆರೆಸಬೇಕಾದರೆ ಸುಮಾರು 1.34 ಕೋಟಿ ಟನ್ ಬೇಕು. ಭಾಗಿಸಿದರೆ 1 ಕೋಟಿ 12 ಲಕ್ಷ ಹೆಕ್ಟೇರ್. ಮೊದಲ ಹಂತವಾಗಿ 4 ಲಕ್ಷ ಹೆಕ್ಟೇರಿನಲ್ಲಿ ನೆಟ್ಟು ತೋರಿಸುವುದು, ಆಮೇಲೆ ಗಿಡ ತಾನೇ ತನ್ನನ್ನು ಹರಡಿಕೊಳ್ಳುತ್ತದೆ. ಕಾಗದದ ಮೇಲೆ ಒಂದು ಅಂಕಿಯೂ ತಪ್ಪಿರಲಿಲ್ಲ. ಆ ಒಂದೂವರೆ ಕಿಲೊ ಎಲ್ಲಿಂದ ಬಂತು ಎಂದು ಕೇಳಿದವರು ಮಾತ್ರ ಕಡಿಮೆ. ತೋಟದ ಮೂಲೆಯಲ್ಲಿ ಒಂಟಿಯಾಗಿ, ಬಚ್ಚಲುನೀರು ಕುಡಿದು, ನಾಲ್ಕೂ ಕಡೆ ಬಿಸಿಲು ಪಡೆದು ಬೆಳೆದ ಗಿಡ ಕಿಲೊಗಟ್ಟಲೆ ಕಾಯಿ ಬಿಡಬಹುದು. ಅದನ್ನೇ 2,500ರಿಂದ ಗುಣಿಸಿ ಕಲ್ಲುನೆಲದ ಮೇಲೆ ಹರಡಿದರೆ ಅದೇ ಕಾಯಿ ಸಿಗುತ್ತದೆ ಎಂಬ ನಂಬಿಕೆಗೆ ಬೆಳೆಶಾಸ್ತ್ರದಲ್ಲಿ ಆಧಾರವಿರಲಿಲ್ಲ.

ಹತ್ತಿರದಲ್ಲೇ ಒಂದು ಎಚ್ಚರಿಕೆ ಇತ್ತು. 1980ರ ದಶಕದ ಕೊನೆಯಲ್ಲಿ, 90ರ ದಶಕದ ಮೊದಲಲ್ಲಿ ಮಹಾರಾಷ್ಟ್ರದ ನಾಸಿಕ್ ಭಾಗದ ರೈತರು ಸಹಕಾರಿ ಹುಮ್ಮಸ್ಸಿನಲ್ಲಿ ಇದೇ ಗಿಡವನ್ನು ಹೊಲಕ್ಕೆ ಇಳಿಸಿದ್ದರು. ಗಿಡ ಬೆಳೆಯಿತು, ನಿರೀಕ್ಷಿಸಿದ ಬೀಜ ಬರಲಿಲ್ಲ, ಕಿತ್ತುಹಾಕಿದರು. ಹತ್ತು ವರ್ಷ ಕಳೆಯುವುದರೊಳಗೆ ದೆಹಲಿಯಲ್ಲಿ ಆ ನೆನಪು ಅಳಿಸಿತ್ತು.

ಆ ದಿನಗಳ ಉತ್ಸಾಹವನ್ನು ಈಗ ಹಿಂತಿರುಗಿ ನೋಡಿ ನಗುವುದು ಸುಲಭ. ಆದರೆ ಅದು ಬರೀ ದಲ್ಲಾಳಿಗಳ ಉತ್ಸಾಹವಾಗಿರಲಿಲ್ಲ. 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ಎಕ್ಸ್‌ಪ್ರೆಸ್ ಶೇ 5ರಷ್ಟು ಬಯೋಡೀಸೆಲ್ ಬೆರೆತ ಇಂಧನದಲ್ಲಿ ಓಡಿತು. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯ ಮತ್ತು ಡೈಮ್ಲರ್‌ಕ್ರೈಸ್ಲರ್ ಕಂಪನಿಯೊಂದಿಗೆ ಸೇರಿ ಗುಜರಾತಿನ ಚೋರ್ವಾಡ್ಲಾದ ಕಲ್ಲುನೆಲದಲ್ಲಿ ಈ ಗಿಡ ಬೆಳೆದರು. ಅದರ ಎಣ್ಣೆಯಿಂದ ಮಾಡಿದ ಬಯೋಡೀಸೆಲ್‌ನಲ್ಲಿ 2004ರಲ್ಲಿ ಮರ್ಸಿಡಿಸ್ ಕಾರುಗಳು ದೇಶದ ಉದ್ದಗಲಕ್ಕೆ ಸುಮಾರು 5,900 ಕಿಲೋಮೀಟರ್ ಓಡಿದವು. ಎಣ್ಣೆಯ ಗುಣದ ಬಗ್ಗೆ ಇನ್ನು ಅನುಮಾನ ಪಡುವಂತಿರಲಿಲ್ಲ. ಈ ಕತೆಯುದ್ದಕ್ಕೂ ಎಂಜಿನ್ ಒಮ್ಮೆಯೂ ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದು ಗಿಡ.

ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಗೆ ಈ ಗಿಡದ ಮೇಲೆ ಅಪಾರ ಭರವಸೆ. 2005ರ ಸ್ವಾತಂತ್ರ್ಯ ದಿನದ ಮುನ್ನಾದಿನ ಅವರು ದೇಶವನ್ನುದ್ದೇಶಿಸಿ ಮಾಡಿದ ಭಾಷಣದ ವಿಷಯವೇ ಇಂಧನ ಸ್ವಾತಂತ್ರ್ಯ. ದೇಶದಲ್ಲಿ ಸುಮಾರು 6 ಕೋಟಿ ಹೆಕ್ಟೇರ್ ಪಾಳುಭೂಮಿ ಇದೆ, ಅದರಲ್ಲಿ ಅರ್ಧದಷ್ಟು ಇಂತಹ ನೆಡುತೋಪುಗಳಿಗೆ ಒದಗುತ್ತದೆ, ಎಕರೆಗೆ ಸುಮಾರು ಎರಡು ಟನ್ ಬಯೋಡೀಸೆಲ್ ಸಿಗುತ್ತದೆ ಎಂಬುದು ಅವರು ಕೊಟ್ಟ ಲೆಕ್ಕ. ಎಕರೆಗೆ ಎರಡು ಟನ್ ಎಂದರೆ ಹೆಕ್ಟೇರಿಗೆ ಐದು ಟನ್. ತಿವಾರಿ ಸಮಿತಿಯ ಆಶಾವಾದಕ್ಕಿಂತ ನಾಲ್ಕು ಪಟ್ಟು. ಇಡೀ ದೇಶ ಪ್ರೀತಿಸುವ ಮನುಷ್ಯನ ಬಾಯಿಂದ ಬಂದ ಅಂಕಿಯನ್ನು ಯಾವ ಕೃಷಿ ಅಧಿಕಾರಿ ಎದ್ದುನಿಂತು ಅಲ್ಲಗಳೆಯುತ್ತಾನೆ?

ಛತ್ತೀಸಗಢ ಎಲ್ಲರಿಗಿಂತ ಮುಂದೆ ಓಡಿತು. ಮುಖ್ಯಮಂತ್ರಿ ರಮಣ್ ಸಿಂಗ್ ತಮ್ಮ ವಾಹನವನ್ನೇ ಬಯೋಡೀಸೆಲ್‌ನಲ್ಲಿ ಓಡಿಸಿದರು. ಡೀಸೆಲ್ ಇನ್ನು ಬರುವುದು ಕೊಲ್ಲಿ ದೇಶಗಳಿಂದಲ್ಲ, ಹಿತ್ತಲಿನಿಂದ ಎಂಬರ್ಥದ ಹಿಂದಿ ಪ್ರಾಸವೊಂದು ರಾಜ್ಯದ ಗೋಡೆಗಳ ಮೇಲೆ ಬಂತು. ಅಲ್ಲಿ ಈ ಗಿಡದ ಹೆಸರು ರತನ್‌ಜೋತ್, ರತ್ನದ ಬೆಳಕು. ಜೈವಿಕ ಇಂಧನ ಪ್ರಾಧಿಕಾರ ಹುಟ್ಟಿತು, ನರ್ಸರಿಗಳಲ್ಲಿ ಕೋಟಿಗಟ್ಟಲೆ ಸಸಿ ಎದ್ದವು, ಉದ್ಯೋಗ ಖಾತರಿಯ ಕೂಲಿಯಲ್ಲಿ ಗುಂಡಿ ತೋಡಿದರು. ಕೇಂದ್ರ ಸರ್ಕಾರ 2005ರ ಅಕ್ಟೋಬರ್‌ನಲ್ಲಿ ಖರೀದಿ ನೀತಿ ಪ್ರಕಟಿಸಿ, 2006ರ ಜನವರಿ 1ರಿಂದ ತೈಲ ಕಂಪನಿಗಳು ಲೀಟರಿಗೆ 25 ರೂಪಾಯಿಗೆ ಬಯೋಡೀಸೆಲ್ ಕೊಳ್ಳುತ್ತವೆ ಎಂದಿತು.

ಈ 25 ರೂಪಾಯಿಯಲ್ಲೇ ಕತೆಯ ಗಂಟಿದೆ. ಒಂದು ಲೀಟರಿಗೆ ಮೂರರಿಂದ ನಾಲ್ಕು ಕಿಲೊ ಬೀಜ ಬೇಕು. ಗಾಣ, ಕಾರ್ಖಾನೆ, ಸಾಗಾಟ ಎಲ್ಲ ಕಳೆದರೆ ಬೀಜಕ್ಕೆ ಕಿಲೊಗೆ ಐದಾರು ರೂಪಾಯಿಗಿಂತ ಹೆಚ್ಚು ಕೊಡಲಾಗದು. ಕಾಡುಹರಳಿನ ಕಾಯಿಗಳೋ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಹೂ, ಹಸಿರು ಕಾಯಿ, ಹಳದಿ ಹಣ್ಣು, ಕಪ್ಪಾಗಿ ಒಣಗಿದ ಸಿಪ್ಪೆ ಎಲ್ಲ ಜೊತೆಗೇ ಇರುತ್ತವೆ. ಯಂತ್ರ ನಡೆಯದು, ಕೈಯಿಂದ ಆರಿಸಬೇಕು, ವಾರ ಬಿಟ್ಟು ಮತ್ತೆ ಬರಬೇಕು, ಸಿಪ್ಪೆ ಬಿಡಿಸಬೇಕು. 2009ರ ಹೊತ್ತಿಗೆ ಉದ್ಯೋಗ ಖಾತರಿಯ ದಿನಗೂಲಿ 100 ರೂಪಾಯಿ. ಕಿಲೊಗೆ ಐದರಂತೆ ಅಷ್ಟು ಸಂಪಾದಿಸಲು ಒಬ್ಬಾಳು ದಿನಕ್ಕೆ 20 ಕಿಲೊ ಬೀಜ ಬಿಡಿಸಬೇಕು, ಆಗಲೂ ಬಂದದ್ದೆಲ್ಲ ಕೂಲಿಗೇ ಹೋಗಿ ಹೊಲದೊಡೆಯನ ಕೈ ಬರಿದು. ರೈತನ ಹೆಂಡತಿ ಸೊಂಟದ ಸೀರೆಗೆ ಬೀಜ ಕಟ್ಟಿಕೊಳ್ಳುತ್ತಲೇ ಹಾಕುವ ಲೆಕ್ಕ ಇದು. ಇದಕ್ಕೆ ಆಯೋಗ ಬೇಕಿರಲಿಲ್ಲ.

ಹೊರದೇಶಗಳಲ್ಲಿ ಮದ ಇನ್ನೂ ಏರುತ್ತಿತ್ತು. ಕಚ್ಚಾ ತೈಲದ ಬೆಲೆ ವರ್ಷದಿಂದ ವರ್ಷಕ್ಕೆ ಹತ್ತುತ್ತಿದ್ದ ಕಾಲ. 2007ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು ಬಯೋಡೀಸೆಲ್‌ಗೆ ಒಳ್ಳೆಯ ಭವಿಷ್ಯವಿರುವ ಬೆಳೆಗಳಲ್ಲಿ ಜಟ್ರೋಫಾವನ್ನು ಎತ್ತಿ ಹೇಳಿತು. ಅದೇ ವರ್ಷದ ಜೂನ್‌ನಲ್ಲಿ ಬ್ರಿಟಿಷ್ ತೈಲ ದೈತ್ಯ ಬಿಪಿ, ಡಿ1 ಆಯಿಲ್ಸ್ ಎಂಬ ಕಂಪನಿಯೊಂದಿಗೆ 16 ಕೋಟಿ ಡಾಲರಿನ ಜಂಟಿ ಉದ್ಯಮಕ್ಕೆ ಸಹಿ ಹಾಕಿತು. ಡಿ1 ಆಗಲೇ ತಮಿಳುನಾಡಿನಲ್ಲೂ ಈಶಾನ್ಯ ಭಾರತದಲ್ಲೂ ಪಾಲುದಾರರನ್ನು ಹಿಡಿದು ರೈತರಿಂದ ಗಿಡ ನೆಡಿಸುತ್ತಿತ್ತು. 2008ರ ಡಿಸೆಂಬರ್ 30ರಂದು ಏರ್ ನ್ಯೂಜಿಲೆಂಡ್‌ನ ಬೋಯಿಂಗ್ 747 ವಿಮಾನ ಒಂದು ಎಂಜಿನ್ನಿನಲ್ಲಿ ಅರ್ಧಕ್ಕರ್ಧ ಜಟ್ರೋಫಾ ಇಂಧನ ಸುರಿದುಕೊಂಡು ಆಕ್‌ಲೆಂಡ್‌ನಿಂದ ಹಾರಿ ಸುಖವಾಗಿ ಇಳಿಯಿತು.

ಪಕ್ಕದ ಮ್ಯಾನ್ಮಾರ್‌ನಲ್ಲಿ ಇದೇ ಗಿಡ ಬೇರೆಯದೇ ವೇಷ ತೊಟ್ಟಿತು. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. 2005ರ ಕೊನೆಗೆ ಅಲ್ಲಿನ ಸೇನಾಡಳಿತದ ಮುಖ್ಯಸ್ಥ ಥಾನ್ ಶ್ವೆ, ಮೂರು ವರ್ಷದಲ್ಲಿ 80 ಲಕ್ಷ ಎಕರೆ ಜಟ್ರೋಫಾ ನೆಡಬೇಕೆಂದು ಆಜ್ಞೆ ಮಾಡಿದ. ಪ್ರತಿ ಪ್ರಾಂತ್ಯಕ್ಕೂ 5 ಲಕ್ಷ ಎಕರೆಯ ಪಾಲು. ಗುಡ್ಡವೋ ಗದ್ದೆಯೋ, ಹವೆ ಒಗ್ಗುತ್ತದೋ ಇಲ್ಲವೋ ಕೇಳುವಂತಿಲ್ಲ. ಶಾಲೆಯ ಅಂಗಳ, ಆಸ್ಪತ್ರೆಯ ಆವರಣ, ರಸ್ತೆಯ ಅಂಚು, ಮನೆಯ ಮುಂದಿನ ಗೇಣು ಜಾಗ, ಎಲ್ಲ ಕಡೆ ನೆಟ್ಟರು. ನೆಡದಿದ್ದವರು ದಂಡ ತೆತ್ತರು. ಜನ ಮಾತ್ರ ಇದರ ಹಿಂದೆ ಡೀಸೆಲ್ ಇದೆ ಎಂದು ನಂಬಲೇ ಇಲ್ಲ. ಬರ್ಮೀ ಭಾಷೆಯಲ್ಲಿ ಗಿಡದ ಹೆಸರು ಕ್ಯೆಟ್ ಸೂ. ಗೃಹಬಂಧನದಲ್ಲಿದ್ದ ನಾಯಕಿಯ ಹೆಸರು ಸೂ ಕೀ. ಅಲ್ಲಿನ ಜ್ಯೋತಿಷದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ವಾರ. ಗಿಡದ ಹೆಸರು ಸೋಮವಾರ–ಮಂಗಳವಾರವಾದರೆ ಆಕೆಯದು ಮಂಗಳವಾರ–ಸೋಮವಾರ. ತಿರುಗುಮುರುಗು ಹೆಸರಿನ ಗಿಡವನ್ನು ದೇಶದ ತುಂಬ ನೆಟ್ಟು ಆಕೆಯ ಶಕ್ತಿಯನ್ನು ಕಟ್ಟಿಹಾಕುವ ಮಾಟ ಇದು ಎಂದು ಪಿಸುಗುಟ್ಟಿದರು. ವದಂತಿ ನಿಜವೋ ಸುಳ್ಳೋ, ಸರ್ಕಾರದ ಲೆಕ್ಕಕ್ಕಿಂತ ಅದರಲ್ಲಿ ತರ್ಕ ಹೆಚ್ಚಿತ್ತು.

ನಮ್ಮಲ್ಲಿ ಆಜ್ಞೆ ಇರಲಿಲ್ಲ. ಇದ್ದದ್ದು ಒಂದು ಪದ: ಪಾಳು.

ಸರ್ಕಾರದ ಪಾಳುಭೂಮಿ ಭೂಪಟ 2000ದಲ್ಲಿ ಹೊರಬಂದಾಗ ದೇಶದ 6 ಕೋಟಿ 38 ಲಕ್ಷ ಹೆಕ್ಟೇರನ್ನು ಆ ಪದದಡಿ ತಂದಿತ್ತು. ಉಪಗ್ರಹದ ಕಣ್ಣಿಗೆ ಹಸಿರು ಕಾಣದ ಜಾಗ ಪಾಳು. ಹಳ್ಳಿಯ ಬಾಯಲ್ಲಿ ಅದೇ ಜಾಗಕ್ಕೆ ಹತ್ತು ಹೆಸರು: ಗೋಮಾಳ, ಹುಲ್ಲುಬನ್ನಿ, ಖರಾಬು, ಕಾವಲು, ಬೀಳು. ಗೋಮಾಳದಲ್ಲಿ ಕುರಿ ಮೇಯುತ್ತವೆ, ಸೌದೆ ಸಿಗುತ್ತದೆ, ಕಸಬರಿಕೆ ಹುಲ್ಲು ಸಿಗುತ್ತದೆ, ಭೂಮಿಯಿಲ್ಲದವನು ಮಳೆಗಾಲಕ್ಕೆ ನಾಲ್ಕು ಸಾಲು ಹುರುಳಿ ಚೆಲ್ಲುತ್ತಾನೆ. ಯಾರ ಹೆಸರಿನಲ್ಲೂ ಪಹಣಿ ಇಲ್ಲದ್ದರಿಂದ ಅದು ಎಲ್ಲರದ್ದು. ಎಲ್ಲರದ್ದಾದ್ದರಿಂದ ಕಡತದಲ್ಲಿ ಯಾರದ್ದೂ ಅಲ್ಲ. ಬೀಳು ಎಂದರೆ ಕೂಡ ಸತ್ತ ನೆಲವಲ್ಲ, ದಣಿವಾರಿಸಿಕೊಳ್ಳಲು ಬಿಟ್ಟ ನೆಲ.

ಈ ಪಾಠವನ್ನು ಕರ್ನಾಟಕ ಒಮ್ಮೆ ಕಲಿತಿತ್ತು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿ, ಸುಮಾರು 75,000 ಎಕರೆ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಬೆಳೆಯಲು ಹೊರಟವು. ಕಡತದಲ್ಲಿ ಅದೂ ಪಾಳುಭೂಮಿಯೇ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ಆ ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲೇ ಹಣ್ಣಿನ, ಮೇವಿನ ಸಸಿಗಳನ್ನು ಹಚ್ಚಿದರು. ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ಎಂದು ಅದರ ಹೆಸರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಬೀದಿಯಲ್ಲೂ ನ್ಯಾಯಾಲಯದಲ್ಲೂ ಹೋರಾಡಿದರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು. 1991ರಲ್ಲಿ ಕಂಪನಿ ಮುಚ್ಚಿತು. ಹದಿನೈದು ವರ್ಷದ ನಂತರ ಛತ್ತೀಸಗಢದ ಆದಿವಾಸಿ ಹಳ್ಳಿಗಳಲ್ಲಿ, ಜನ ಉಳುತ್ತಿದ್ದ, ದನ ಮೇಯಿಸುತ್ತಿದ್ದ ಕೆಲವು ಜಾಗಗಳಿಗೇ ರತನ್‌ಜೋತ್ ಸಸಿಗಳು ಬಂದಿಳಿದಾಗ ಎದ್ದ ತಕರಾರಿನ ಧಾಟಿ ಕುಸನೂರಿನವರಿಗೆ ಅಪರಿಚಿತವಾಗುತ್ತಿರಲಿಲ್ಲ. ನೀಲಗಿರಿಯಂತೆಯೇ ಇದನ್ನೂ ದನ ತಿನ್ನದು. ಬೇಲಿಯಲ್ಲಿ ಗುಣವಾಗಿದ್ದದ್ದು ಗೋಮಾಳಕ್ಕೆ ಬಂದಾಗ ದೋಷವಾಯಿತು.

ಹಾಗೆಂದು ಕರ್ನಾಟಕ ಗಿಡದೆಣ್ಣೆಯ ಹುಚ್ಚಿನಿಂದ ದೂರವಿತ್ತು ಎಂದಲ್ಲ. ಇಲ್ಲಿ ಹುಚ್ಚು ಹಿಡಿದದ್ದು ಬೇರೆ ಮರದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ 1990ರ ದಶಕದ ಕೊನೆಯಲ್ಲೇ ಹೊಂಗೆ ಎಣ್ಣೆಯನ್ನು ನೇರವಾಗಿ ಡೀಸೆಲ್ ಎಂಜಿನ್ನಿಗೆ ಕುಡಿಸಿ ಹಳ್ಳಿಗಳಲ್ಲಿ ನೀರೆತ್ತುವ, ದೀಪ ಉರಿಸುವ ಪ್ರಯೋಗಕ್ಕೆ ಇಳಿದಿದ್ದರು. ದಾಂಡೇಲಿಯ ಲೋಹದ ಕಾರ್ಖಾನೆಯೊಂದು ತನ್ನ ಜನರೇಟರುಗಳನ್ನು ಹೊಂಗೆ ಎಣ್ಣೆಗೆ ಬದಲಿಸಿಕೊಂಡಿತು. ಹೊಂಗೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಗದ್ದೆಗೆ ಅದರ ಸೊಪ್ಪು, ಗಿಡದ ಬುಡಕ್ಕೆ ಅದರ ಹಿಂಡಿ, ದೀಪಕ್ಕೆ ಅದರ ಎಣ್ಣೆ, ಉತ್ತವನಿಗೆ ಅದರ ನೆರಳು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುವ ಮರ ಅದು. ಮುಖ್ಯವಾಗಿ, ಅದಕ್ಕೆ ಹೊಸ ಜಾಗ ಬೇಕಿರಲಿಲ್ಲ. ಬದುವಿನಲ್ಲಿ, ಹಳ್ಳದ ದಡದಲ್ಲಿ, ರಸ್ತೆಯ ಬದಿಯಲ್ಲಿ ಆಗಲೇ ನಿಂತಿತ್ತು.

ಹಾಸನದ ಹತ್ತಿರದ ಮಡೆನೂರಿನಲ್ಲಿ 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಶುರುವಾಯಿತು. ಪ್ರೊ. ಬಾಲಕೃಷ್ಣ ಗೌಡರು ಅದರ ಹಿಂದಿನ ಶಕ್ತಿ. ಅಲ್ಲಿನ ಆಲೋಚನೆ ಸರಳ: ಹೊಲ ಮುಟ್ಟಬೇಡಿ, ಅಂಚು ತುಂಬಿಸಿ. ಹೊಂಗೆ, ಬೇವು, ಹಿಪ್ಪೆ, ಸೀಮರೂಬ, ಜೊತೆಗೆ ಬೇಲಿಯಲ್ಲೇ ಜಟ್ರೋಫಾ. ಒಂದೊಂದು ಋತುವಿನಲ್ಲಿ ಒಂದೊಂದು ಬೀಜ ಉದುರಿ ವರ್ಷದ ಬಹುಭಾಗ ಗಾಣಕ್ಕೆ ಕೆಲಸ. ವೈ.ಬಿ. ರಾಮಕೃಷ್ಣ ಅವರ ನೇತೃತ್ವದ ಕಾರ್ಯಪಡೆಯ ಕೆಲಸದ ಫಲವಾಗಿ 2009ರಲ್ಲಿ ರಾಜ್ಯ ತನ್ನದೇ ಜೈವಿಕ ಇಂಧನ ನೀತಿ ತಂದಿತು, ಮುಂದೆ ಮಂಡಳಿಯೂ ಬಂತು. ಹಸಿರು ಹೊನ್ನು, ಬರಡು ಬಂಗಾರ ಎಂದು ಯೋಜನೆಗಳಿಗೆ ಹೆಸರಿಟ್ಟರು. ಹೆಸರಿಡುವುದರಲ್ಲಿ ನಮ್ಮ ಸರ್ಕಾರಗಳನ್ನು ಮೀರಿಸುವವರಿಲ್ಲ. ಹೊಂಗೆಯಿಂದಲೂ ರಾಜ್ಯದ ಬಸ್ಸುಗಳ ಟ್ಯಾಂಕು ತುಂಬಲಿಲ್ಲ, ಅದನ್ನೂ ಹೇಳಬೇಕು. ಹೊಂಗೆ ಎಣ್ಣೆಗೆ ಸಾಬೂನಿನವರು, ಚರ್ಮ ಹದ ಮಾಡುವವರು, ಕೀಟನಾಶಕದವರು ಎಂಬ ಹಳೆಯ ಗಿರಾಕಿಗಳಿದ್ದರು. ಸಬ್ಸಿಡಿ ಡೀಸೆಲ್‌ನ ಬೆಲೆಗೆ ಅದು ಎಂದೂ ಇಳಿಯಲಿಲ್ಲ. ಆದರೆ ಬಯೋಡೀಸೆಲ್ ಸೋತಾಗ ಹೊಂಗೆ ನೆಟ್ಟವನು ಸೋಲಲಿಲ್ಲ. ಬೀಜ ಕೊಳ್ಳಲು ಸಂತೆಯಲ್ಲಿ ಯಾರೋ ಒಬ್ಬರಿದ್ದರು. ಕಾಡುಹರಳು ನೆಟ್ಟವನಿಗೆ ಆ ಯಾರೋ ಒಬ್ಬರು ಇರಲಿಲ್ಲ.

ಹೊಲಗಳಲ್ಲಿ ಆದದ್ದೇನು ಎಂಬುದು ನಿಧಾನವಾಗಿ ಹೊರಬಂತು. ಮೊದಲ ವರ್ಷ ಸಸಿ ಹಸಿರಾಗಿ ನಿಂತಿತು, ಫೋಟೊಗೆ ಚೆನ್ನಾಗಿತ್ತು. ಎರಡನೇ ವರ್ಷ ಎಲೆ. ಮೂರನೇ ವರ್ಷ ಇನ್ನಷ್ಟು ಎಲೆ, ಬೊಗಸೆ ಕಾಯಿ. ಈ ಗಿಡದ ಗೊಂಚಲಿನಲ್ಲಿ ಒಂದು ಹೆಣ್ಣು ಹೂವಿಗೆ ಇಪ್ಪತ್ತಕ್ಕೂ ಹೆಚ್ಚು ಗಂಡು ಹೂಗಳು. ಕಾಯಿ ಕಟ್ಟುವುದು ಹೆಣ್ಣು ಹೂ ಮಾತ್ರ. ನೀರು, ಗೊಬ್ಬರ ಕಡಿಮೆಯಾದಂತೆ ಕಾಯಿಯೂ ಕಡಿಮೆ. ಬರಗಾಲದಲ್ಲಿ ಎಲೆ ಉದುರಿಸಿ ಜೀವ ಹಿಡಿದು ಕೂರುವುದು ಅದರ ಜಾಣತನ. ಆ ಜಾಣತನವನ್ನು ನೋಡಿಯೇ ಬರಡು ನೆಲಕ್ಕೆ ಆರಿಸಿದ್ದರು. ಎಲೆ ಉದುರಿಸಿ ಕೂತ ಗಿಡ ಎಣ್ಣೆ ಮಾಡುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಸಾಲದ್ದಕ್ಕೆ, ಹಡಗಿನಲ್ಲಿ ಬಂದ ನಾಲ್ಕು ಬೀಜದ ಸಂತತಿಯಾದ್ದರಿಂದ ಇಲ್ಲಿನ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಕುಲ. ಆರಿಸಿ ತಳಿ ಕಟ್ಟಲು ವೈವಿಧ್ಯವೇ ಇರಲಿಲ್ಲ. ಜೋಳಕ್ಕೆ, ರಾಗಿಗೆ ಸಾವಿರಾರು ವರ್ಷದ ಹೆಂಗಸರ ಆಯ್ಕೆ ಬೆನ್ನಿಗಿದೆ. ಇದು ಕಾಡಿನಿಂದ ನೇರ ಕಚೇರಿಗೆ ಬಂದದ್ದು.

ವಾಗೆನಿಂಗೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲೇ ಜಟ್ರೋಫಾ ಬಗೆಗಿನ ಹೇಳಿಕೆ ಮತ್ತು ವಾಸ್ತವಗಳನ್ನು ಎದುರುಬದುರು ಇಟ್ಟು ಇಳುವರಿಯ ಅಂಕಿಗಳು ನಿಲ್ಲುವುದಿಲ್ಲ ಎಂದಿದ್ದರು. 2009ರಲ್ಲಿ ಡಚ್ ಸಂಶೋಧಕರು ಲೀಟರ್ ಜಟ್ರೋಫಾ ಡೀಸೆಲ್‌ಗೆ ಸುಮಾರು 20,000 ಲೀಟರ್ ನೀರು ಎಂದು ಬರೆದಾಗ ದೊಡ್ಡ ಜಗಳವೇ ಆಯಿತು. ಆ ಅಂಕಿ ಹೆಚ್ಚಾಯಿತು ಎಂದವರಿಗೂ ಗಿಡಕ್ಕೆ ನೀರೇ ಬೇಡ ಎಂದು ಹೇಳುವ ಧೈರ್ಯ ಉಳಿಯಲಿಲ್ಲ. ತಮಿಳುನಾಡಿನ ಹಳ್ಳಿಗಳನ್ನು ಸುತ್ತಿ ಪೆರೆ ಅರೀಸಾ–ಮೊಂಟೊಬ್ಬಿಯೊ ಮತ್ತು ಬೆಂಗಳೂರಿನ ಏಟ್ರೀ ಸಂಸ್ಥೆಯ ಶರಚ್ಚಂದ್ರ ಲೇಲೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹತ್ತಿರದಿಂದ ನೋಡಿತು. ಗಿಡ ಹೋದದ್ದು ಪಾಳುಭೂಮಿಗಲ್ಲ, ಉಳುವ ಹೊಲಕ್ಕೆ. ನೀರು ಹಾಯಿಸಿದಲ್ಲೂ ಹೇಳಿದ ಇಳುವರಿ ಬಂದಿರಲಿಲ್ಲ. ಬೋರ್‌ವೆಲ್ ಇದ್ದವನು ಹೇಗೋ ತಡೆದುಕೊಂಡ. ಶೇಂಗಾ ಬಿಟ್ಟು ಇದನ್ನು ನಂಬಿದ ಸಣ್ಣ ರೈತ ಎರಡು ಮೂರು ವರ್ಷದ ಬೆಳೆ ಕಳೆದುಕೊಂಡ. ಶೇಂಗಾ ಇದ್ದಿದ್ದರೆ ಹೊಟ್ಟೆಗಿಷ್ಟು ಕಾಳು, ದನಕ್ಕಿಷ್ಟು ಬಳ್ಳಿ ಸಿಗುತ್ತಿತ್ತು. ಇದರ ಹಿಂಡಿಯೂ ವಿಷ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ನಮ್ಮ ಹಿರಿಯರು ರೂಪಕವಾಗಿ ಹೇಳಿದ್ದರು. ಇಲ್ಲಿ ರೂಪಕವೇನೂ ಉಳಿದಿರಲಿಲ್ಲ.

ಇನ್ನೊಂದು ಸುದ್ದಿ ಆ ವರ್ಷಗಳ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು: ರತನ್‌ಜೋತ್ ಬೀಜ ತಿಂದು ಶಾಲಾಮಕ್ಕಳು ಆಸ್ಪತ್ರೆಗೆ. ಬೀಜದ ತಿರುಳು ಕಡಲೆಬೀಜದಂತೆ ರುಚಿಯಾಗಿಯೇ ಇರುತ್ತದೆ. ಬೇಲಿಯಲ್ಲಿದ್ದಾಗ ಅಜ್ಜಿಯರು ಮುಟ್ಟಬೇಡ ಎಂದು ಗದರುತ್ತಿದ್ದರು. ಸರ್ಕಾರಿ ತೋಪಿಗೆ ಅಜ್ಜಿಯರಿರಲಿಲ್ಲ.

2008ರ ಜುಲೈನಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿದ್ದ ಕಚ್ಚಾ ತೈಲ ಡಿಸೆಂಬರ್ ಹೊತ್ತಿಗೆ 40ಕ್ಕಿಂತ ಕೆಳಗಿಳಿಯಿತು. 2009ರ ಜುಲೈನಲ್ಲಿ ಬಿಪಿ ಜಂಟಿ ಉದ್ಯಮದಿಂದ ಹೊರಬಂದಿತು. ಜಗತ್ತು ಕೈ ತೊಳೆದುಕೊಳ್ಳುತ್ತಿದ್ದ ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಜೈವಿಕ ಇಂಧನ ನೀತಿಯನ್ನು ಬಿಡುಗಡೆ ಮಾಡಿತು. ಗುರಿ ಮತ್ತೆ ಶೇ 20, ಗಡುವು 2017; ತಿನ್ನಲಾಗದ ಎಣ್ಣೆಬೀಜ, ಪಾಳುಭೂಮಿ, ಎಲ್ಲ ಹಾಗೇ. ಗಡುವು ಬಂದು ಹೋಯಿತು, ಡೀಸೆಲ್‌ನಲ್ಲಿ ಬಯೋಡೀಸೆಲ್‌ನ ಪಾಲು ಶೇ 1ನ್ನೂ ಮುಟ್ಟಲಿಲ್ಲ. 2018ರ ಹೊಸ ನೀತಿ ಗುರಿಯನ್ನು 2030ಕ್ಕೆ ಶೇ 5 ಎಂದು ಇಳಿಸಿತು, ಬೋಂಡದ ಬಾಣಲೆಯಲ್ಲಿ ಉಳಿದ ಕರಿದ ಎಣ್ಣೆಯತ್ತ ಕಣ್ಣು ಹಾಯಿಸಿತು. ಅಧಿಕಾರಿಗಳ ಮಾತಿನಲ್ಲಿ ಜಟ್ರೋಫಾ ಎಂಬ ಪದ ಸದ್ದಿಲ್ಲದೆ ಕರಗಿತು. ಯಾರೂ ತಪ್ಪಾಯಿತು ಎನ್ನಲಿಲ್ಲ. ಹಾಗೆ ಅನ್ನುವ ಕಲಮು ಯಾವ ನೀತಿಯಲ್ಲೂ ಇರುವುದಿಲ್ಲ.

ಒಂದು ಬಾರಿ ಮಾತ್ರ ಅದು ಮತ್ತೆ ತಲೆಯೆತ್ತಿತು, ಅದೂ ಆಕಾಶದಲ್ಲಿ. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಸ್ಪೈಸ್‌ಜೆಟ್‌ನ ಪುಟ್ಟ ಬೊಂಬಾರ್ಡಿಯರ್ ವಿಮಾನ ಕಾಲು ಪಾಲು ಜಟ್ರೋಫಾ ಇಂಧನ ಬೆರೆಸಿಕೊಂಡು ಹಾರಿತು. ಇಂಧನ ತಯಾರಿಸಿದ್ದು ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ. ಬೀಜ ಬಂದದ್ದು ಛತ್ತೀಸಗಢದ ಸುಮಾರು 500 ರೈತ ಕುಟುಂಬಗಳಿಂದ. ಮುಂದಿನ ಗಣರಾಜ್ಯೋತ್ಸವದಲ್ಲಿ ವಾಯುಪಡೆಯ ಎಎನ್–32 ವಿಮಾನ ಇದೇ ಇಂಧನ ಬೆರೆಸಿಕೊಂಡು ರಾಜಪಥದ ಮೇಲೆ ಹಾದುಹೋಯಿತು. ಎಂಜಿನ್ ಆಗಲೂ ತಕರಾರು ಮಾಡಲಿಲ್ಲ.

ಕೆಳಗೆ ನೆಲದಲ್ಲಿ ಬಹುಪಾಲು ರೈತರು ಅಷ್ಟರಲ್ಲಿ ಗಿಡ ತೆಗೆದು ಜೋಳಕ್ಕೋ ಶೇಂಗಾಕ್ಕೋ ಮರಳಿದ್ದರು. ತೆಗೆಯುವುದೂ ಸುಲಭವಾಗಿರಲಿಲ್ಲ. ಬುಡ ಉಳಿದರೆ ಅಲ್ಲಿಂದಲೇ ಚಿಗುರುತ್ತದೆ, ಆದ್ದರಿಂದ ಬೇರುಸಹಿತ ಅಗೆಯಬೇಕು. ಅಗೆದದ್ದನ್ನು ದನಕ್ಕೆ ಹಾಕುವಂತಿಲ್ಲ, ಮೆತ್ತನೆಯ ಕಾಂಡ ಒಲೆಯಲ್ಲೂ ನೆಟ್ಟಗೆ ಉರಿಯದು. ಕಡಿದು ಹೊಲದಂಚಿಗೆ ಎಸೆಯುವುದೊಂದೇ ದಾರಿ. ಹಾಗೆ ಬದುವಿನ ಮೇಲೆ ಬಿದ್ದ ರೆಂಬೆಗಳು ಮುಂಗಾರಿನ ಎರಡು ಹದ ಮಳೆಗೆ ಬೇರು ಬಿಟ್ಟು, ಸಾಲಾಗಿ ಎದ್ದು, ಆಡು–ಕುರಿ ಒಳಗೆ ಬಾರದಂತೆ ನಿಂತವು.